ಕದ್ದ ಸಸಿ

ನನ್ನ ಸೊಸೆ ಜಾಸಿಯಾರಾ ಯಾವತ್ತು ಗಂಟುಮೂಟೆ ಕಟ್ಟುತ್ತಾಳೋ ಎಂಬ ಭಯದಲ್ಲೇ ನಾನು ಈ ವರ್ಷದ ಮಳೆಗಾಲ ಕಳೆದೆ. ಮಳೆಗಾಲ ಅಂದರೆ ಏನು, ವರ್ಷದ ಮೊದಲ ತಿಂಗಳುಗಳಲ್ಲಿ ನಮ್ಮ ಒಣಸೀಮೆ ಸೆರಿದೊದಲ್ಲಿ ಬೀಳುವ ನಾಲ್ಕು ಹನಿಗೆ ನಾವಿಟ್ಟುಕೊಂಡ ದೊಡ್ಡ ಹೆಸರು. ಅವಳ ಸೂಟ್‌ಕೇಸು ಬೀರುವಿನ ಮೇಲಿತ್ತು. ಬೆಳಿಗ್ಗೆ ಅವಳು ಮಗುವಿಗೆ ಮುಖ ತೊಳೆಸಲು ಹಿತ್ತಲಿಗೆ ಹೋದ ತಕ್ಷಣ ನಾನು ಕುರ್ಚಿ ಹತ್ತಿ ಅದರ ಮೇಲಿನ ಧೂಳು ನೋಡುತ್ತಿದ್ದೆ. ಧೂಳು ಅಲುಗದೆ ಇದ್ದರೆ ಅವತ್ತಿನ ಕಾಫಿ ಗಂಟಲಲ್ಲಿ ಇಳಿಯುತ್ತಿತ್ತು. ಅರವತ್ತು ದಾಟಿದ ಹೆಂಗಸು, ಮಂಡಿನೋವು ಬೇರೆ, ಕುರ್ಚಿ ಹತ್ತಿ ಧೂಳು ನೋಡುವುದೆಂದರೆ! ನಗುವವರು ನಗಲಿ.

ನನ್ನ ಮಗ ಎರಿವಾನ್ ಗಾರೆ ಕೆಲಸಕ್ಕೆಂದು ರೆಸಿಫೆ ಪಟ್ಟಣಕ್ಕೆ ಹೋದವನು ಅಲ್ಲಿಂದ ಅವಳನ್ನು ಕರೆತಂದಿದ್ದ. ಸಮುದ್ರದ ಮಗ್ಗುಲಲ್ಲಿ ಹುಟ್ಟಿದವಳು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡಿದವಳು, ನಮ್ಮ ಕಲ್ಲು ಮುಳ್ಳಿನ ನೆಲಕ್ಕೆ ಬಂದು ಒಂದು ಮಾತು ಆಡದೆ ಹೊಂದಿಕೊಂಡಳು. ಆಮೇಲೆ ಒಂದು ಸಂಜೆ ಎರಿವಾನನ ಬೈಕು ರಸ್ತೆಯಲ್ಲಿ ಮಲಗಿದ್ದ ಹಸುವಿಗೆ ಗುದ್ದಿತು. ಹಸು ಎದ್ದು ಹೋಯಿತು. ನನ್ನ ಮಗ ಏಳಲಿಲ್ಲ.

ಇನ್ನು ಅವಳು ಇಲ್ಲಿ ಯಾಕಿರಬೇಕು? ಗಂಡ ಇಲ್ಲ, ಕೆಲಸ ಇಲ್ಲ, ಮಾತಾಡಲು ಒಬ್ಬ ಸಿಡುಕು ಅತ್ತೆ. ಅವಳ ತಾಯಿ ರೆಸಿಫೆಯಿಂದ ಫೋನ್ ಮಾಡುತ್ತಲೇ ಇದ್ದಳು. ನಮ್ಮಲ್ಲಿ ಸಿಗ್ನಲ್ ಸಿಗುವುದು ಮನೆಯ ಹಿಂದಿನ ದೊಡ್ಡ ಬಂಡೆಯ ಮೇಲೆ ಮಾತ್ರ. ಜಾಸಿ ಅಲ್ಲಿ ನಿಂತು ಮಾತಾಡುವಾಗ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಾತು ಕೇಳಿಸುತ್ತಿರಲಿಲ್ಲ, ಅವಳು ತಲೆ ಆಡಿಸುವುದು ಕಾಣುತ್ತಿತ್ತು. ತಲೆ ಮೇಲೆ ಕೆಳಗೆ ಆಡಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಅಡ್ಡಡ್ಡ ಆಡಿದರೆ ಬೀನ್ಸು ಸೋಸಲು ಕೂರುತ್ತಿದ್ದೆ. ‘ಇರು’ ಎಂದು ಬಾಯಿಬಿಟ್ಟು ಕೇಳುವ ಜಾಯಮಾನ ನನ್ನದಲ್ಲ. ಕೇಳಿ, ಇಲ್ಲ ಅನ್ನಿಸಿಕೊಂಡರೆ? ನಾಲ್ಕು ವರ್ಷದ ಮೊಮ್ಮಗಳು ಲವೀನಿಯಾ ಆ ಗೇಟಿನಿಂದ ಆಚೆ ಹೋದರೆ ಈ ಮನೆಯಲ್ಲಿ ನನಗೆ ನಾನೇ ಬೈದುಕೊಳ್ಳಬೇಕಾಗುತ್ತದೆ, ಅಷ್ಟೇ.

ಹೀಗಿರುವಾಗ ಮೊದಲ ಮಳೆ ಬಿದ್ದ ಮಾರನೆಯ ದಿನ ಜಾಸಿ ಗುದ್ದಲಿ ಹಿಡಿದು ಪಡುಗೋಡೆಯ ಬುಡ ಅಗೆಯುತ್ತಿದ್ದಳು. ಪಡುಗೋಡೆಯ ಬುಡ ಅಂದರೆ ಕೋಳಿಯೂ ಕಾಲಿಡದ ಜಾಗ. ಮಧ್ಯಾಹ್ನದಿಂದ ಸೂರ್ಯ ಮುಳುಗುವ ತನಕ ಬಿಸಿಲು ಅಲ್ಲೇ ಠಿಕಾಣಿ ಹೂಡುತ್ತದೆ. ಮೇಲೆ ಸುಣ್ಣದ ಗೋಡೆಯ ಝಳ, ಕೆಳಗೆ ಬರೀ ಕಲ್ಲು.

“ಏನೇ ಅದು, ನಿಧಿ ಹುಡುಕ್ತೀಯಾ?” ಅಂದೆ.

“ಹೂವಿನ ಗಿಡ ಹಾಕ್ತೀನಿ ಅತ್ತೆ. ರಸ್ತೆಯಿಂದ ಮೊದಲು ಕಾಣೋದು ಇದೇ ಗೋಡೆ ಅಲ್ವಾ?”

ಅವಳು ಅಷ್ಟು ಅಂದದ್ದೇ ತಡ, ನನ್ನ ಜೀವಕ್ಕೆ ಹಾಲೆರೆದಂತಾಯಿತು. ಗಿಡ ನೆಡುವವಳು ಹೋಗುವವಳಲ್ಲ. ಹೋಗುವವಳು ಯಾರಾದರೂ ಕಲ್ಲು ನೆಲ ಅಗೆದು ಕೈಗೆ ಬೊಬ್ಬೆ ಬರಿಸಿಕೊಳ್ಳುತ್ತಾರೆಯೇ? ಆ ಗಿಡ ಬೇರು ಬಿಟ್ಟು ಹತ್ತಿದರೆ ಇವಳೂ ಇಲ್ಲೇ ಹತ್ತಿಕೊಂಡಳು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟೆ. ಅವತ್ತಿನಿಂದ ಸೂಟ್‌ಕೇಸಿನ ಜೊತೆಗೆ ಪಡುಗೋಡೆಯನ್ನೂ ಕಾಯುವ ಕೆಲಸ ನನಗೆ ಅಂಟಿಕೊಂಡಿತು.

ಮೊದಲು ಹಾಕಿದ್ದು ಅವಳ ತಾಯಿ ಬಸ್ಸಿನಲ್ಲಿ ಕಳಿಸಿದ ಬೀಜ. ಪ್ಯಾಕೆಟ್ಟಿನ ಮೇಲೆ ಚಿಟ್ಟೆಯಂಥ ನೀಲಿ ಹೂಗಳು. ಮೊಳಕೆ ಬಂದವು, ಎರಡೆಲೆ ಬಿಟ್ಟವು, ಬಿಸಿಲಿಗೆ ಮುದುರಿಕೊಂಡವು. ಪಾಪ, ಬಾಯಾರಿಕೆ ಇರಬೇಕೆಂದು ಜಾಸಿ ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆ ನೀರು. ಸಿಮೆಂಟು ತೊಟ್ಟಿಯ ಕುಡಿಯುವ ನೀರು! ನನ್ನ ಹೊಟ್ಟೆ ಉರಿಯುತ್ತಿತ್ತು, ಆದರೆ ಬಾಯಿ ಬಿಗಿದುಕೊಂಡೆ. ಒಂದು ವಾರದಲ್ಲಿ ಬುಡ ಕೊಳೆತು ಎಲ್ಲ ಮಲಗಿದವು. ಅವಳು ಆ ಕೆಸರು ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಎದ್ದು ಬಂಡೆಗೆ ಹೋಗಿ ತಾಯಿಗೆ ಫೋನ್ ಮಾಡಿದಳು. ತಲೆ ಮೇಲೆ ಕೆಳಗೆ ಆಡಿತು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಜಗಲಿಗೂ ಓಡಾಡಿದೆ, ಅನ್ನ ಸೀದಿತು.

ಪಕ್ಕದ ಮನೆಯ ಮರ್ಲೂಸಿ ಬೇಲಿಗೆ ಒರಗಿಕೊಂಡು ಎಲ್ಲ ನೋಡುತ್ತಿದ್ದಳು. ಮರ್ಲೂಸಿ ನನ್ನ ಕೊಮಾದ್ರೆ. ಅಂದರೆ, ಇಗರ್ಜಿಯಲ್ಲಿ ಎರಿವಾನನ ಜ್ಞಾನಸ್ನಾನಕ್ಕೆ ತಲೆಗೆ ನೀರು ಹಾಕುವಾಗ ಅವನನ್ನು ಎತ್ತಿ ಹಿಡಿದ ದೇವರಮ್ಮ. ಹಾಗೆಂದು ನಾವು ಪ್ರೀತಿಯಿಂದ ಮಾತಾಡುತ್ತೇವೆ ಅಂದುಕೊಳ್ಳಬೇಡಿ.

“ನಿನ್ನ ಸೊಸೆ ಹಾಕಿದ್ದು ಹೂವಲ್ಲ ಕಣೆ ಕೊಮಾದ್ರೆ, ಪ್ಯಾಟೆ ನೆಂಟರು,” ಅಂದಳು. “ನೆರಳು ಬೇಕು, ತಂಪು ಬೇಕು, ಹೊತ್ತೊತ್ತಿಗೆ ನೀರು ಬೇಕು. ಈ ಗೋಡೆ ಬುಡಕ್ಕೆ ನಮ್ಮಂಥ ನಾಚಿಕೆಗೆಟ್ಟವೇ ಆಗಬೇಕು. ಬೈದ್ರೂ ನಗೋವು.”

ಅವಳ ಅಂಗಳ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚು ಬರಬೇಕು. ಬಿಸಿಲು ನೆತ್ತಿಗೇರಿದ ಮೇಲೆ ಬಾಯ್ಬಿಡುವ ಹನ್ನೊಂದು ಗಂಟೆ ಹೂ, ಒಡೆದ ಬಾನಿಯಿಂದ ಚೆಲ್ಲಿ ನೆಲಕ್ಕೆಲ್ಲ ಹಬ್ಬಿತ್ತು. ಹಿಂದೆ ಜಿನ್ನಿಯಾ ಸಾಲು, ಕೆಂಪು, ಕಿತ್ತಳೆ, ಗುಲಾಬಿ. ಅದರ ಪಕ್ಕ ನೇರಳೆ ಬಣ್ಣದ ಗುಂಡು ಹೂ, ಒಣಗಿದರೂ ಬಣ್ಣ ಬಿಡದ ಹಟಮಾರಿ. ನೀರು ಅಂತ ಅವಳು ಹಾಕುತ್ತಿದ್ದದ್ದು ಪಾತ್ರೆ ತೊಳೆದ ನೀರು, ಅದೂ ನೆನಪಾದ ದಿನ.

“ನಾಲ್ಕು ಸಸಿ ಕೊಡೆ,” ಎಂದು ಕೇಳಬಹುದಿತ್ತು. ಆದರೆ ಕೇಳಿ ಪಡೆದ ಸಸಿ ನಮ್ಮ ಕಡೆ ಹತ್ತುವುದಿಲ್ಲ. ಇದು ನನ್ನಜ್ಜಿ ಹೇಳಿದ್ದು, ಅವಳಜ್ಜಿ ಅವಳಿಗೆ ಹೇಳಿದ್ದು. ಕದ್ದ ಸಸಿ ಬೇರು ಬಿಡುತ್ತದೆ. ಹಾಗೂ ಯಾರಾದರೂ ಕೈಯಾರೆ ಕೊಟ್ಟರೆ ತುಟಿ ಪಿಟಕ್ಕೆನ್ನದೆ ತಿರುಗಿ ನಡೆಯಬೇಕು. ಥ್ಯಾಂಕ್ಸ್ ಅಂದರೆ ಮುಗಿಯಿತು, ಗಿಡ ಅಲ್ಲೇ ಸತ್ತ ಹಾಗೆ. ಆದ್ದರಿಂದ ನಾನು ಮಧ್ಯಾಹ್ನದ ಊಟವಾಗಿ ಊರು ನಿದ್ದೆ ಹೋದ ಹೊತ್ತಿಗೆ, ಲವೀನಿಯಾಳ ಕೈ ಹಿಡಿದುಕೊಂಡು, ಅಡುಗೆ ಚಾಕು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಬೇಲಿ ನುಸುಳಿದೆ. ಮರ್ಲೂಸಿಯ ಕಿಟಕಿ ತೆರೆದಿತ್ತು. ನಾನು ಬಗ್ಗಿದ ಕೂಡಲೇ ಧಡಾರನೆ ಮುಚ್ಚಿಕೊಂಡಿತು. ಒಳಗಿನಿಂದ ಗೊರಕೆ ಬೇರೆ ಶುರುವಾಯಿತು. ಅಂಥ ಗೊರಕೆ ನಿಜವಾಗಿ ಮಲಗಿದವರು ಹೊಡೆಯುವುದಿಲ್ಲ.

ಸಸಿಗಳನ್ನು ಜಾಸಿಯ ಮುಂದೆ ಹಾಕಿ, “ಹಳ್ಳದ ಹತ್ರ ಎದ್ದಿದ್ವು,” ಅಂದೆ. ಇಬ್ಬರೂ ಸೇರಿ ನೆಟ್ಟೆವು. ಗೊಬ್ಬರ ಬೇಡ ಅಂದೆ, ತಿಂದು ಕೊಬ್ಬಿದರೆ ಬರೀ ಎಲೆ ಬಿಡುತ್ತದೆ. ನೆಟ್ಟ ದಿನ ಒಂದು ಚೊಂಬು ನೀರು ಸಾಕು, ಆಮೇಲೆ ಮಣ್ಣು ಒಣಗಿ ಬಿರಿಯುವ ತನಕ ಮುಟ್ಟಬೇಡ ಅಂದೆ. ಮೂರು ದಿನ ಸಸಿಗಳು ತಲೆಯೆತ್ತಿ ನಿಂತಿದ್ದವು. ನಾನೂ ತಲೆಯೆತ್ತಿ ಓಡಾಡಿದೆ.

ಕೆಡಿಸಿದ್ದು ಮಗು. “ಅಮ್ಮಾ, ಅಜ್ಜಿ ಬೇಲಿ ನುಗ್ಗಿದ್ಲು, ಮರ್ಲೂಸಜ್ಜಿ ಗೊರ್ರ್ ಅಂತಿದ್ಲು,” ಎಂದು ತಾಯಿಗೆ ಒದರಿತು. ಜಾಸಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮೆಕ್ಕೆಜೋಳದ ಕೇಕು ಮಾಡಿದಳು. ನಮ್ಮ ಮನೆಗೆ ಇರಬೇಕೆಂದು ನಾನು ತಟ್ಟೆ ತೆಗೆಯುವಷ್ಟರಲ್ಲಿ ಅದಕ್ಕೆ ಬಿಳಿ ಬಟ್ಟೆ ಮುಚ್ಚಿ, ಕೂದಲು ಬಾಚಿಕೊಂಡು, ಮರ್ಲೂಸಿಯ ಬಾಗಿಲಿಗೆ ನಡೆದೇಬಿಟ್ಟಳು. ಅರ್ಥವಾಗಿ ನಾನು ಹಿಂದೆ ಓಡುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು.

“ಮರ್ಲೂಸಿಯಮ್ಮಾ, ನಿಮ್ಮ ಸಸಿಗಳಿಗೆ ತುಂಬಾ—”

“ಬ್ಯಾಡ!” ಎಂದು ನಾನು ಅಂಗಳದಿಂದಲೇ ಕೂಗಿದೆ.

“—ತುಂಬಾ ಥ್ಯಾಂಕ್ಸ್.”

ಮರ್ಲೂಸಿ ಎರಡೂ ಕಿವಿ ಮುಚ್ಚಿಕೊಂಡಳು. “ಅಯ್ಯೋ ಹಾಳಾದೋಳೆ! ನಾನು ಕೇಳ್ಸ್ಕೊಂಡಿಲ್ಲ, ಕೇಳ್ಸ್ಕೊಂಡಿಲ್ಲ! ಕೊಮಾದ್ರೆ, ಇವಳಿಗೆ ಏನೂ ಕಲಿಸಿಲ್ವೇನೆ ನೀನು? ಕೊಂದಾಕಿದ್ಲಲ್ಲೇ ಹಸುಗೂಸುಗಳ್ನ!” ಇಷ್ಟೆಲ್ಲ ಅಂದರೂ ಕೇಕಿನ ತಟ್ಟೆ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

ಜಾಸಿಯ ಮುಖ ಕೆಂಪಾಯಿತು. ಮನೆಗೆ ಬಂದು, “ಕದಿಯೋದು ಸರಿ, ಥ್ಯಾಂಕ್ಸ್ ಹೇಳೋದು ತಪ್ಪಾ? ಇದು ಯಾವ ಊರು ಅತ್ತೆ?” ಅಂದಳು. ಬಾಗಿಲು ಹಾಕಿಕೊಂಡಳು.

ಸಸಿಗಳು ಮಾರನೆಯ ದಿನವೇ ಸೊರಗಿದವು. ಥ್ಯಾಂಕ್ಸಿಗೆ ಸೊರಗಿದವೋ, ಬೇಜಾರಿನಲ್ಲಿ ಅವಳು ನಡುಮಧ್ಯಾಹ್ನ ಸುರಿದ ಎರಡು ಕೊಡ ನೀರಿಗೆ ಸೊರಗಿದವೋ, ದೇವರೇ ಬಲ್ಲ. ನನಗೆ ಮಾತ್ರ ಸಂಶಯ ಇರಲಿಲ್ಲ. ನಾನು ಕುರ್ಚಿ ಹತ್ತಿ ನೋಡಿದೆ. ಸೂಟ್‌ಕೇಸಿನ ಧೂಳಿನಲ್ಲಿ ನಾಲ್ಕು ಬೆರಳಿನ ಗುರುತು.

ಕುರ್ಚಿಯಿಂದ ಇಳಿದವಳು ನೇರ ಮರ್ಲೂಸಿಯ ಮನೆಗೆ ಹೋದೆ. ಎಷ್ಟೋ ವರ್ಷಗಳಿಂದ ಅವಳ ಮುಂದೆ ಸೋಲೊಪ್ಪಿಕೊಂಡವಳಲ್ಲ ನಾನು. “ಹೋಗ್ಬಿಡ್ತಾಳೆ ಕಣೆ,” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಆ ಗಿಡ ಹತ್ತದಿದ್ರೆ ಮಗೂನ ಕರ್ಕೊಂಡು ಹೋಗ್ಬಿಡ್ತಾಳೆ. ಏನಾದ್ರೂ ಮಾಡೆ.”

ಮರ್ಲೂಸಿ ಅಣಕಿಸುವಳೆಂದು ಕಾದೆ. ಅವಳು ಅಣಕಿಸಲಿಲ್ಲ. ಮೂಗು ಒರೆಸಿಕೊಂಡು, “ಮಾಡೋದೇನು, ಅವಳೇ ಬಂದು ಕದೀಲಿ,” ಅಂದಳು. “ಬೆಳಿಗ್ಗೆ ನಾನು ಮನೇಲಿರಲ್ಲ ಅಂತ ಹೇಳು. ಚಾಕು ಬಾನಿ ಹತ್ರ ಮರೆತುಹೋಗಿರ್ತೀನಿ. ಗೋಣಿಚೀಲಾನೂ ಮರೆತುಹೋಗಿರ್ತೀನಿ.”

ಮಾರನೆಯ ಬೆಳಿಗ್ಗೆ ಜಾಸಿಯನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. “ಸಿಕ್ಕಿಬಿದ್ರೆ?” ಅಂತಾಳೆ! “ಯಾರು ಹಿಡೀತಾರೆ ತಾಯಿ, ನಡಿ,” ಎಂದು ಬೆನ್ನಿಗೆ ಗುದ್ದಿದೆ. ಅವಳು ಬೇಲಿ ದಾಟಿದಳು. ಮರ್ಲೂಸಿ ಮನೆಯಲ್ಲಿರಲಿಲ್ಲ, ಅಂದರೆ ಬಾಗಿಲ ಹಿಂದೆ ನಿಂತು ಅಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಶನಿವಾರ ಶನಿವಾರ ಜನರನ್ನು ಕೈಕೊ ಪಟ್ಟಣದ ಸಂತೆಗೆ ಒಯ್ಯುವ ಜೆನಿವಾಲ್ ಅದೇ ಹೊತ್ತಿಗೆ ತನ್ನ ಪಿಕಪ್ ಗಾಡಿಯಲ್ಲಿ ಬಂದ. ಸಸಿ ಕೀಳುವವಳನ್ನು ಕಂಡ ಕೂಡಲೇ, ಮರ್ಯಾದಸ್ಥ, ಮುಖ ಆಚೆ ತಿರುಗಿಸಿದ. ಗಾಡಿ ಸೀದಾ ಹೋಗಿ ಬೇಲಿಗೆ ಗುದ್ದಿತು.

“ನಾನೇನೂ ನೋಡ್ಲಿಲ್ಲ!” ಎಂದು ಅವನು ಕಿರುಚಿದ.

ಜಾಸಿ ಗೋಣಿಚೀಲ ತಬ್ಬಿಕೊಂಡು ಓಡಿ ಬಂದಳು. ಒಂದು ಚಪ್ಪಲಿ ಅಲ್ಲೇ ಬಿಟ್ಟಿದ್ದಳು. ಪಡುಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತು ನಗಲು ಶುರುಮಾಡಿದಳು. ನಗು ನಿಲ್ಲಲಿಲ್ಲ. ಎರಿವಾನ್ ಹೋದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬದ ಮುಂದೆ ನಿಂತು ಅತ್ತೆ. ಇಂಥ ಸಂತೋಷ ಯಾರಿಗೂ ಕಾಣಬಾರದು, ದೃಷ್ಟಿಯಾಗುತ್ತದೆ.

ಆ ಸಲ ಸಸಿಗಳು ಹತ್ತಿದವು. ಮರ್ಲೂಸಿ ದಿನಾ ಬೇಲಿಯಾಚೆಯಿಂದ ಪಾಠ ಮಾಡುತ್ತಿದ್ದಳು. “ಜಿನ್ನಿಯಾ ತಲೆ ಚಿವುಟೇ ಮಗಳೇ! ಕನಿಕರ ಬ್ಯಾಡ. ಚಿವುಟಿದ್ರೆ ನಾಲ್ಕು ಕವಲು ಒಡೀತೈತೆ.” ಜಾಸಿ ಕಣ್ಣು ಮುಚ್ಚಿ ಚಿವುಟುತ್ತಿದ್ದಳು. ಒಂದು ದಿನ ಅವಳು ಕೇಳಿದ್ದು ನನಗೆ ನೆನಪಿದೆ.

“ಮರ್ಲೂಸಿಯಮ್ಮ, ಯಾರೂ ನೀರೇ ಹಾಕದಿದ್ರೆ ಇವು ಎಷ್ಟು ದಿನ ತಡೀತವೆ?”

“ಹನ್ನೊಂದು ಗಂಟೆ ಹೂವಿಗೆ ಎಲೇಲೇ ನೀರು ಐತೆ, ಅದಕ್ಕೆ ನಿನ್ನ ಹಂಗೇನಿಲ್ಲ. ಮಿಕ್ಕವು ಬಾಡ್ತವೆ, ಸಾಯ್ತವೆ. ಸತ್ರೆ ಏನಾಯ್ತು, ಒಂದೊರ್ಷದ ಗಿಡ, ಬೀಜ ಉದುರ್ಸಿಯೇ ಸಾಯ್ತವೆ. ಮುಂದಿನ ಮಳೆಗೆ ಯಾರೂ ಕರೀದಿದ್ರೂ ತಾವೇ ಏಳ್ತವೆ.”

ಜಾಸಿ ಬಹಳ ಸಮಾಧಾನದಿಂದ ತಲೆಯಾಡಿಸಿದಳು. ನೀರು ಹೊರುವ ಕೆಲಸ ತಪ್ಪಿತೆಂದು ಸಮಾಧಾನ ಅಂದುಕೊಂಡೆ ನಾನು. ಸೋಮಾರಿ ಹುಡುಗಿ ಎಂದು ಒಳಗೊಳಗೇ ನಕ್ಕೆ ಕೂಡ.

ಮೇ ತಿಂಗಳ ಹೊತ್ತಿಗೆ ಪಡುಗೋಡೆ ನೋಡಬೇಕಿತ್ತು. ಮಳೆ ಹಿಂದೆಗೆದು ಸುತ್ತಲಿನ ಪೊದೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದಾಗ ಇಲ್ಲಿ ಬುಡದಿಂದ ಸೊಂಟದೆತ್ತರಕ್ಕೆ ಹೂವೇ ಹೂವು. ಬಿಸಿಲು ಹೆಚ್ಚಿದಷ್ಟೂ ಕಣ್ಣು ಕುಕ್ಕುತ್ತಿದ್ದವು. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, “ಇದಾಲಿನಕ್ಕಾ, ಮನೇಲಿ ಮದುವೆನಾ?” ಎಂದು ಕೇಳುತ್ತಿದ್ದರು. ನಾನು ಕುರ್ಚಿ ಹತ್ತುವುದು ಬಿಟ್ಟೆ. ಮಂಡಿನೋವೂ ಇಳಿಯಿತು. ಜಾಸಿ ಬಂಡೆಯ ಮೇಲೆ ತಲೆ ಹೇಗೆ ಆಡಿಸಿದರೂ ನಾನು ತಿರುಗಿ ನೋಡುತ್ತಿರಲಿಲ್ಲ.

ಜೂನ್ ಮೊದಲ ಶನಿವಾರ ಎದ್ದು ಬರುತ್ತೇನೆ, ಸೂಟ್‌ಕೇಸು ಹೊಸ್ತಿಲ ಬಳಿ ನಿಂತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಫಳಫಳ ಮಾಡಿದ್ದಾಳೆ. ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಲವೀನಿಯಾ ಹಬ್ಬದ ಫ್ರಾಕು ತೊಟ್ಟು ಸೂಟ್‌ಕೇಸಿನ ಮೇಲೆ ಕುದುರೆ ಸವಾರಿ ಮಾಡುತ್ತಿದ್ದಳು.

“ಜೆನಿವಾಲಣ್ಣ ಬರ್ತಾನೆ ಈಗ,” ಅಂದಳು ಜಾಸಿ. ನನ್ನ ಮುಖ ನೋಡಲಿಲ್ಲ. “ಕೈಕೊದಿಂದ ಮಧ್ಯಾಹ್ನದ ಬಸ್ಸಿದೆ. ನಿನ್ನೇನೇ ಹೇಳಬೇಕು ಅಂತಿದ್ದೆ, ಧೈರ್ಯ ಆಗ್ಲಿಲ್ಲ.”

ಕೋಪ ನೆತ್ತಿಗೇರಿತು, ಆ ಕೋಪದ ಕೆಳಗೆ ಇದ್ದದ್ದು ಬರೀ ಹೆದರಿಕೆ, ಹೇಳಲು ನನಗೆ ನಾಚಿಕೆಯಿಲ್ಲ. ಮಗ ಹೋದ ದಿನದ ಹೆದರಿಕೆಯೇ. ಬರಿಗಾಲಲ್ಲಿ ಅಂಗಳಕ್ಕಿಳಿದು ಪಡುಗೋಡೆಗೆ ಹೋದೆ. ಒಂದು ಜಿನ್ನಿಯಾದ ಬುಡ ಹಿಡಿದು ಬೇರುಸಮೇತ ಕಿತ್ತೆಸೆದೆ. ಇನ್ನೊಂದನ್ನು ಕಿತ್ತೆ.

“ಅತ್ತೆ!” ಜಾಸಿ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. “ಏನ್ ಮಾಡ್ತಿದ್ದೀರಿ? ಹುಚ್ಚಾ?”

“ಹುಚ್ಚೇ! ಇವುಗಳಿಗಾಗಿ ನಾನು ಕಳ್ಳಿಯಾದೆ, ಆ ಮರ್ಲೂಸಿ ಮುಂದೆ ಕೈಯೊಡ್ಡಿದೆ. ಗಿಡ ನೆಟ್ಟೋಳು ಇರ್ತಾಳೆ ಅಂದ್ಕೊಂಡೆ. ಹೋಗೋದೇ ಆಗಿದ್ರೆ ಯಾಕೆ ನೆಟ್ಟೆ? ಯಾಕೆ ಅಗೆದೆ ನನ್ನ ಅಂಗಳಾನ?”

ಅವಳು ನನ್ನ ಮಣಿಕಟ್ಟು ಬಿಟ್ಟಳು.

“ನೀವೇ ಹೇಳಿದ್ದಲ್ವಾ?” ಅಂದಳು ನಿಧಾನಕ್ಕೆ. “ಮಳೆಗೆ ಮುಂಚೆ, ಅತ್ತೇನೂ ಕರ್ಕೊಂಡು ಬಾ ಅಂತ ನಮ್ಮಮ್ಮ ಅಂದಾಗ ನಿಮಗೆ ಬಂದು ಹೇಳಿದ್ನಲ್ಲ? ಆಗ ಏನಂದ್ರಿ? ಅಂಗಳದಲ್ಲಿ ಒಂದು ಹೂ ಇಲ್ಲದ ಮನೇನ ಜನ ಹಾಳುಮನೆ ಅಂತಾರೆ, ಎರಿವಾನ್ ಹುಟ್ಟಿದ ಮನೇನ ಹಾಗನ್ನಿಸೋಕೆ ಬಿಡಲ್ಲ ಅಂದ್ರಿ.”

ಅಂದಿದ್ದೆ. ಕೋಪದಲ್ಲಿ ನೂರು ಮಾತು ಅನ್ನುತ್ತೇನೆ, ಅದರಲ್ಲಿ ಅದೂ ಒಂದು. ನಮ್ಮ ರಸ್ತೆಯುದ್ದಕ್ಕೂ ಜನ ಬಿಟ್ಟುಹೋದ ಮನೆಗಳಿವೆ, ಬಾಗಿಲು ಗೆದ್ದಲಿಗೆ, ಜಗಲಿ ಮೇಕೆಗೆ. ಅವುಗಳ ಹೆಸರು ಹೇಳಿದರೆ ಬೇರೆ ಕಾರಣ ಬೇಕಾಗುವುದಿಲ್ಲವೆಂದು ಹೇಳಿದ್ದೆ. ಈ ಹುಡುಗಿ ಅದನ್ನು ಹಾಗೇ ನಂಬಿಕೊಂಡಿದ್ದಳು.

“ಅದಕ್ಕೇ ಯಾರೂ ಇಲ್ಲದಿದ್ರೂ ಬದುಕೋ ಹೂ ಹುಡುಕಿದ್ದು,” ಅಂದಳು. “ರಸ್ತೆಯಿಂದ ಕಾಣೋ ಗೋಡೆಗೇ ಹಾಕಿದ್ದು. ನವೆಂಬರಲ್ಲಿ ಸತ್ತವರ ಹಬ್ಬಕ್ಕೆ ಬಂದು ಗುಂಡು ಹೂ ಕುಯ್ದು ಎರಿವಾನನ ಸಮಾಧಿಗೆ ಇಡೋಣ. ಒಣಗಿದ್ರೂ ಬಣ್ಣ ಇರತ್ತೆ. ಆಮೇಲೆ ಮಳೆಗೆ ಮತ್ತೆ ಬರೋಣ. ಅಲ್ಲಿ ನಂಗೆ ಪಾರ್ಲರ್ ಕೆಲಸ ಇದೆ, ಲವೀನಿಯಾಗೆ ಸ್ಕೂಲು. ನಿಮ್ಮನ್ನ ಬಿಟ್ಟು ಹೋಗೋದಾಗಿದ್ರೆ ಯಾವತ್ತೋ ಹೋಗ್ತಿದ್ದೆ ಅತ್ತೆ. ಪ್ರತಿ ಸಲ ಅಮ್ಮನಿಗೆ ಗಿಡ ಇನ್ನೂ ಹತ್ತಿಲ್ಲ, ಇನ್ನೂ ಹತ್ತಿಲ್ಲ ಅಂತ ಹೇಳಿ ಹೇಳಿ...”

ನಾನು ಹೊಸ್ತಿಲಿಗೆ ಬಂದು ಆ ಬಟ್ಟೆಯ ಚೀಲ ಬಿಚ್ಚಿದೆ. ನನ್ನ ಕರಿ ಲಂಗ. ನನ್ನ ಎರಡು ರವಿಕೆ. ಇಗರ್ಜಿಗೆ ಹಾಕುವ ಚಪ್ಪಲಿ, ಕಾಗದದಲ್ಲಿ ಸುತ್ತಿ. ಮಂಡಿಗೆ ಹಚ್ಚುವ ಮುಲಾಮು.

“ಯಾರನ್ನ ಕೇಳಿ ತುಂಬಿದೆ ಇದನ್ನೆಲ್ಲ?”

“ಕೇಳಿದ್ರೆ ಬೇಡ ಅಂತಿದ್ರಿ.”

ಸತ್ಯ. ಇಷ್ಟು ತಿಂಗಳು ಅವಳು ಹೋಗುತ್ತಾಳೆಂದು ಹೆದರಿ ಸತ್ತೆ, ನನ್ನನ್ನು ಯಾರಾದರೂ ನಿಜವಾಗಿ ಜೊತೆಗೆ ಒಯ್ಯಬಹುದು ಎಂಬುದು ಒಂದು ದಿನವೂ ನನ್ನ ತಲೆಗೆ ಬರಲಿಲ್ಲ, ಆ ಕರೆ ಬರೀ ಉಪಚಾರದ ಮಾತು ಅಂದುಕೊಂಡಿದ್ದೆ. ಕಿತ್ತ ಎರಡು ಗಿಡ ತಂದು ಮತ್ತೆ ಗುಂಡಿಗಿಟ್ಟು ಮಣ್ಣು ಒತ್ತಿದೆ. ಸಾಯುವವೆಂದು ಗೊತ್ತಿತ್ತು, ಆದರೂ ಒತ್ತಿದೆ.

ಜೆನಿವಾಲ್ ಬಂದು ಹಾರ್ನ್ ಹೊಡೆದ. ಮರ್ಲೂಸಿ ಬೇಲಿ ದಾಟಿ ಬಂದಳು, ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು, ಕಳ್ಳಿ. ಬಾಗಿಲು ಎಳೆದುಕೊಂಡೆ. ಆಗ ಹೊಳೆಯಿತು, ಆ ಬಾಗಿಲಿಗೆ ಬೀಗವೇ ಇಲ್ಲ. ನಾನು ಮದುವೆಯಾಗಿ ಬಂದ ಮೇಲೆ ಒಂದು ದಿನವೂ ಆ ಮನೆ ಖಾಲಿ ಬಿದ್ದಿರಲಿಲ್ಲ, ಬೀಗ ಯಾರಿಗೆ ಬೇಕಿತ್ತು? ಬಾಗಿಲ ಚಿಲಕ ಹಿಡಿದುಕೊಂಡು ಹಾಗೇ ನಿಂತೆ. ಕೈ ಬಿಡಲು ಮನಸ್ಸಾಗಲಿಲ್ಲ.

ಮರ್ಲೂಸಿ ತನ್ನ ಸೊಂಟದ ಅಪ್ರನ್ನಿನ ದಾರ ಬಿಚ್ಚಿ, ನನ್ನ ಕೈ ಸರಿಸಿ, ಚಿಲಕಕ್ಕೂ ಕೊಂಡಿಗೂ ಸೇರಿಸಿ ಗಂಟು ಹಾಕಿದಳು. “ಹೋಗೆ,” ಅಂದಳು. “ನಿನ್ನ ಸಿಡುಕಿನಿಂದ ಈ ಊರಿಗೆ ಒಂದಷ್ಟು ದಿನ ಬಿಡುವಾಗ್ಲಿ.”

ಜಾಸಿ ಮುಂದೆ ಕೂರಲು ಹೇಳಿದಳು. ನಾನು ಹಿಂದೆ ಸೂಟ್‌ಕೇಸಿನ ಪಕ್ಕ ಕೂತೆ, ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ಬಿಗಿಯಾಗಿ ಹಿಡಿದೆ. ಜೆನಿವಾಲ್ ಕಿಟಕಿಯಿಂದ ತಲೆ ಹೊರಹಾಕಿದ.

“ಇದೇನು ಇದಾಲಿನಕ್ಕ, ಚೀಲ ಗೀಲ ಎಲ್ಲ! ವಾಪಸ್ಸು ಯಾವಾಗ?”

“ಸುಮ್ನೆ ಗಾಡಿ ಬಿಡಯ್ಯ,” ಅಂದೆ. “ಇನ್ನೊಂದು ಮಾತಾಡಿದ್ರೆ ಇಳ್ದುಬಿಡ್ತೀನಿ.”

ಅವನು ಗಾಡಿ ಬಿಟ್ಟ.